ಖಗೋಳ ವಿಜ್ಞಾನಿ ವೈನು ಬಪ್ಪು

ಮಾರ್ಚ್ ತಿಂಗಳ ಮೊದಲ ವಾರ, ರಾತ್ರಿ ಒಂಬತ್ತು ಗಂಟೆಯ ಸಮಯ. ಬಳ್ಳಾರಿ ನಗರದ ದೀಪಗಳ ಪ್ರಭೆಯನ್ನು ಹಿಂದೆ ಬಿಟ್ಟು, ಕುರುಗೋಡಿನ ಬಂಡೆಗುಡ್ಡಗಳ ಆಚೆಯ ಬಯಲಿನಲ್ಲಿಯೋ ಸಿರುಗುಪ್ಪದ ಬಳಿ ತುಂಗಭದ್ರೆಯ ದಂಡೆಯ ಮೇಲೆಯೋ ನಿಂತು ನೋಡಿದರೆ, ಈಶಾನ್ಯ ದಿಕ್ಕಿನಲ್ಲಿ ಸಪ್ತರ್ಷಿ ಮಂಡಲವು ಮೇಲೇರುತ್ತಿರುವುದು ಕಾಣುತ್ತದೆ. ಅದರ ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ವಸಿಷ್ಠನಿಗೆ ಅಂಟಿಕೊಂಡಂತೆ ಮಂಕಾಗಿ ಮಿನುಗುವ ಚುಕ್ಕೆಯೇ ಅರುಂಧತಿ. ಮದುವೆಯ ದಿನ ಪುರೋಹಿತರು ವಧೂವರರಿಗೆ ಬೆರಳು ಮಾಡಿ ತೋರಿಸುವ ನಕ್ಷತ್ರವಿದು. ಮುಹೂರ್ತವು ಹಗಲಿನದಾದರೆ, ಕಾಣದ ನಕ್ಷತ್ರವನ್ನು ಕಂಡೆವೆಂದು ಅವರು ತಲೆಯಾಡಿಸುವುದೂ ಉಂಟು.

ಈಗ ದಕ್ಷಿಣಕ್ಕೆ ತಿರುಗಬೇಕು. ಅಲ್ಲಿ ಕ್ಷಿತಿಜದಿಂದ ಹೆಚ್ಚು ಎತ್ತರವಿಲ್ಲದೆ ಬೆಳಗುತ್ತಿರುವ ದೊಡ್ಡ ನಕ್ಷತ್ರ ಅಗಸ್ತ್ಯ. ಅಗಸ್ತ್ಯನಿಂದ ಎಡಕ್ಕೆ, ತುಸು ಮೇಲೆ, ಸುಮಾರು 27 ಡಿಗ್ರಿ ಎತ್ತರದಲ್ಲಿ ಮತ್ತೊಂದು ಪ್ರಕಾಶಮಾನವಾದ ನಕ್ಷತ್ರವಿದೆ. ನಮ್ಮ ಪುರಾಣಗಳು ಅದಕ್ಕೆ ಅರುಂಧತಿಯಷ್ಟು ಮನ್ನಣೆ ಕೊಟ್ಟಿಲ್ಲ. ಖಗೋಳ ವಿಜ್ಞಾನಿಗಳು ಅದನ್ನು ಗ್ಯಾಮಾ ವೆಲೋರಮ್ ಎಂದು ಕರೆಯುತ್ತಾರೆ. ವೇಲಾ, ಅಂದರೆ ಹಡಗಿನ ಹಾಯಿ ಎಂಬ ಹೆಸರಿನ ನಕ್ಷತ್ರಪುಂಜದಲ್ಲಿ ಅದು ಅತ್ಯಂತ ಪ್ರಕಾಶಮಾನವಾದುದು. ಬರಿಗಣ್ಣಿಗೆ ಅದು ಒಂದೇ ಚುಕ್ಕೆ. ಆದರೆ ಅಲ್ಲಿ ಕನಿಷ್ಠ ನಾಲ್ಕು ಸೂರ್ಯರು ಇದ್ದಾರೆ. ಅವುಗಳಲ್ಲಿ ಮುಖ್ಯವಾದ ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುವ ಬಗೆಯನ್ನು ಭಾರತದ ನೆಲದಿಂದಲೇ ಅಳೆದವರಲ್ಲಿ ಒಬ್ಬರು ಮನಾಲಿ ಕಲ್ಲತ್ ವೈನು ಬಪ್ಪು.

ಬಪ್ಪು ಅವರ ಪೂರ್ವಜರು ಕೇರಳದವರು. ವೈನು ಬಪ್ಪು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆತಾಯಿಗಳಿಗೆ ಅವರೊಬ್ಬರೇ ಮಗ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದರು. ಇತರ ಮಕ್ಕಳಿಗೆ ಮನೆಯ ಅಂಗಳ ಹೇಗೋ ಹಾಗೆ ಬಾಲಕ ವೈನುವಿಗೆ ಆ ವೀಕ್ಷಣಾಲಯ ಪರಿಚಿತವಾಗಿತ್ತು. ಗುಮ್ಮಟದ ಸೀಳಿನಿಂದ ಕಾಣುವ ಆಕಾಶ, ದೂರದರ್ಶಕದ ಹಿತ್ತಾಳೆಯ ಭಾಗಗಳು, ರಾತ್ರಿಯೆಲ್ಲ ಎಚ್ಚರವಿದ್ದು ಅಂಕಿಗಳನ್ನು ಬರೆದಿಡುವ ತಂದೆಯ ವೃತ್ತಿ, ಇವೆಲ್ಲ ಆತನ ಬಾಲ್ಯದ ನಿತ್ಯದ ನೋಟಗಳು. ಬಪ್ಪು ಓದಿನಲ್ಲಿ ಮಾತ್ರವೇ ಮುಳುಗಿದವರಲ್ಲ. ಚರ್ಚಾಕೂಟಗಳಲ್ಲಿ ಮಾತನಾಡುತ್ತಿದ್ದರು, ಆಟಗಳಲ್ಲಿ ಭಾಗವಹಿಸುತ್ತಿದ್ದರು, ಚಿತ್ರ ಬರೆಯುವುದರಲ್ಲಿಯೂ ಆಸಕ್ತರಾಗಿದ್ದರು. ಆದರೆ ರಾತ್ರಿಯಾದರೆ ಅವರ ಮನಸ್ಸು ನಕ್ಷತ್ರಗಳತ್ತ ಹರಿಯುತ್ತಿತ್ತು. ಬೆಳಕು ಏರಿಳಿಯುವ ಚರ ನಕ್ಷತ್ರಗಳನ್ನು ಕುರಿತು ತಾವು ಮಾಡಿದ ವೀಕ್ಷಣೆಗಳನ್ನು ಅವರು ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟಿಸಿದ್ದರು.

ಆ ಕಾಲದಲ್ಲಿ ಭಾರತದ ವಿದ್ಯಾರ್ಥಿಯೊಬ್ಬ ಖಗೋಳ ವಿಜ್ಞಾನವನ್ನೇ ಜೀವನದ ಉದ್ಯೋಗವನ್ನಾಗಿ ಆರಿಸಿಕೊಳ್ಳುವುದು ಧೈರ್ಯದ ಮಾತಾಗಿತ್ತು. ಅದನ್ನು ಕಲಿಸುವ ಸಂಸ್ಥೆಗಳು ವಿರಳ. ಕಲಿತವರಿಗೆ ಕೆಲಸ ಕೊಡುವ ಸಂಸ್ಥೆಗಳು ಇನ್ನೂ ವಿರಳ. ಬಪ್ಪು ಭೌತವಿಜ್ಞಾನದಲ್ಲಿ ಎಂ.ಎಸ್‌ಸಿ. ಪದವಿ ಪಡೆದರು. ಅಮೆರಿಕದ ಹೆಸರಾಂತ ಖಗೋಳ ವಿಜ್ಞಾನಿ ಹಾರ್ಲೋ ಶೇಪ್ಲಿ ಅವರು ಭಾರತಕ್ಕೆ ಬಂದಾಗ ಅವರನ್ನು ಭೇಟಿಯಾಗುವ ಅವಕಾಶವೂ ದೊರೆಯಿತು. ಅನಂತರ ಹೈದರಾಬಾದ್ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು 1949ರ ಆರಂಭದಲ್ಲಿ ಅವರು ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಅಲ್ಲಿಗೆ ಹೋಗಿ ಆರು ತಿಂಗಳಾಗಿತ್ತೋ ಇಲ್ಲವೋ, 1949ರ ಜುಲೈ 2ರ ರಾತ್ರಿ ತೆಗೆದ ಛಾಯಾಫಲಕವೊಂದರಲ್ಲಿ ಬಪ್ಪು ಅಪರಿಚಿತವಾದ ಮಸುಕು ಗೆರೆಯೊಂದನ್ನು ಗುರುತಿಸಿದರು. ಅದು ಅದುವರೆಗೆ ಯಾರೂ ಕಾಣದ ಧೂಮಕೇತು. ಅವರ ಗುರು ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ಖಚಿತಪಡಿಸಿದರು. ಅದಕ್ಕೆ ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂಬ ಹೆಸರು ಬಂದಿತು. ಅದರ ಪಥವನ್ನು ಲೆಕ್ಕ ಹಾಕಿದಾಗ ಅದು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 60,000 ವರ್ಷಗಳು ಬೇಕೆಂದು ತಿಳಿಯಿತು. ಈ ಶೋಧಕ್ಕಾಗಿ ಇಪ್ಪತ್ತೆರಡರ ತರುಣನಿಗೆ ಡಾನ್‌ಹೋ ಧೂಮಕೇತು ಪದಕ ದೊರೆಯಿತು. ಧೂಮಕೇತುವನ್ನು ಕಾಣುವುದರಲ್ಲಿ ಅದೃಷ್ಟದ ಪಾಲು ದೊಡ್ಡದು ಎಂಬುದು ನಿಜ. ಬಪ್ಪು ಅವರ ಶಾಶ್ವತ ಕೀರ್ತಿಗೆ ಕಾರಣವಾದುದು ಅದಲ್ಲ.

ಹಾರ್ವರ್ಡಿಗೆ ಇನ್ನೊಂದು ಹಿರಿಮೆಯಿತ್ತು. ವಸಿಷ್ಠ ನಕ್ಷತ್ರವು ಒಂದಲ್ಲ, ಎರಡು ಎಂಬುದು ದೂರದರ್ಶಕಗಳು ಬಂದ ಕಾಲದಿಂದಲೂ ತಿಳಿದಿತ್ತು. 1889ರಲ್ಲಿ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಆ ಎರಡರಲ್ಲಿ ದೊಡ್ಡದಾದ ನಕ್ಷತ್ರದ ಬೆಳಕನ್ನು ಪರೀಕ್ಷಿಸಿ ವಿಚಿತ್ರವೊಂದನ್ನು ಕಂಡರು. ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಅದು ಕಾಮನಬಿಲ್ಲಿನಂತೆ ಬಣ್ಣಬಣ್ಣವಾಗಿ ಹರಡಿಕೊಳ್ಳುತ್ತದೆ. ಇದಕ್ಕೆ ರೋಹಿತ ಎಂದು ಹೆಸರು. ರೋಹಿತದ ನಡುನಡುವೆ ಅಡ್ಡಗೆರೆಗಳಿರುತ್ತವೆ. ಯಾವ ಗೆರೆ ಯಾವ ಧಾತುವಿನದು ಎಂಬುದನ್ನು ಪ್ರಯೋಗಶಾಲೆಯಲ್ಲಿ ತಿಳಿಯಬಹುದು. ವಸಿಷ್ಠನ ರೋಹಿತದಲ್ಲಿ ಈ ಗೆರೆಗಳು ಕೆಲವು ರಾತ್ರಿ ಒಂಟಿಯಾಗಿಯೂ ಕೆಲವು ರಾತ್ರಿ ಜೋಡಿಯಾಗಿಯೂ ಕಾಣುತ್ತಿದ್ದವು.

ಇದರ ಮರ್ಮವನ್ನು ತಿಳಿಯಲು ಬಳ್ಳಾರಿಯ ರೈಲು ನಿಲ್ದಾಣದಲ್ಲಿ ನಿಂತರೆ ಸಾಕು. ನಿಲ್ಲದೆ ಹಾದುಹೋಗುವ ರೈಲು ನಮ್ಮತ್ತ ಬರುವಾಗ ಅದರ ಸೀಟಿಯ ಧ್ವನಿ ಏರಿದಂತೆಯೂ, ನಮ್ಮನ್ನು ದಾಟಿ ದೂರ ಸರಿಯುವಾಗ ಇಳಿದಂತೆಯೂ ಕೇಳುತ್ತದೆ. ಬೆಳಕಿಗೂ ಇದೇ ನಿಯಮ. ನಕ್ಷತ್ರ ನಮ್ಮತ್ತ ಬರುತ್ತಿದ್ದರೆ ಅದರ ರೋಹಿತದ ಗೆರೆಗಳು ನೇರಳೆಯ ಕಡೆಗೂ, ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೂ ಜರುಗುತ್ತವೆ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿರುವಾಗ ಒಂದು ನಮ್ಮತ್ತ ಬಂದರೆ ಇನ್ನೊಂದು ದೂರ ಹೋಗುತ್ತದೆ. ಆದ್ದರಿಂದ ಗೆರೆಗಳು ಎರಡಾಗುತ್ತವೆ. ಯಾವ ದೂರದರ್ಶಕವೂ ಬೇರ್ಪಡಿಸಿ ತೋರಿಸಲಾರದ ಜೋಡಿಯನ್ನು ರೋಹಿತವು ಹೀಗೆ ಬಯಲಿಗೆಳೆಯಿತು. ವಸಿಷ್ಠನ ಇನ್ನೊಂದು ನಕ್ಷತ್ರವೂ ಜೋಡಿಯೆಂದು ಅನಂತರ ತಿಳಿಯಿತು. 2009ರಲ್ಲಿ ಅರುಂಧತಿಗೂ ಒಂದು ಪುಟ್ಟ ಸಂಗಾತಿ ಇರುವುದು ಕಂಡುಬಂದಿತು. ಹೀಗೆ ವಧೂವರರು ಎರಡೆಂದು ಎಣಿಸುವಲ್ಲಿ ಆರು ನಕ್ಷತ್ರಗಳಿವೆ.

ಬಪ್ಪು ಕಲಿತದ್ದು ಬೆಳಕಿನ ಈ ಲಿಪಿಯನ್ನು ಓದುವ ವಿದ್ಯೆಯನ್ನು. 1952ರಲ್ಲಿ ಅವರಿಗೆ ಡಾಕ್ಟರೇಟ್ ಪದವಿ ದೊರೆಯಿತು. ಬಳಿಕ ಕಾರ್ನೆಗಿ ಸಂಸ್ಥೆಯ ಫೆಲೋ ಆಗಿ ಅವರು ಕ್ಯಾಲಿಫೋರ್ನಿಯಕ್ಕೆ ಹೋದರು. ಅಂದು ಜಗತ್ತಿನಲ್ಲಿಯೇ ಅತಿ ದೊಡ್ಡದಾಗಿದ್ದ, 200 ಅಂಗುಲ ವ್ಯಾಸದ ದೂರದರ್ಶಕ ಅಲ್ಲಿಯ ಪಾಲೋಮಾರ್ ಬೆಟ್ಟದ ಮೇಲಿತ್ತು. ಅಲ್ಲಿ ಅವರು ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯೊಡನೆ ಕೈಗೊಂಡ ಕೆಲಸ ಅವರ ಹೆಸರನ್ನು ಪಠ್ಯಪುಸ್ತಕಗಳಿಗೆ ಸೇರಿಸಿತು.

ಆಕಾಶವನ್ನು ಅಳೆಯುವವರಿಗೆ ಎದುರಾಗುವ ಮೊದಲ ಕಷ್ಟ ದೂರದ್ದು. ಕತ್ತಲ ರಾತ್ರಿಯಲ್ಲಿ ಸಿರುಗುಪ್ಪದ ದಂಡೆಯಿಂದ ಹೊಳೆಯಾಚೆ ಒಂದು ದೀಪ ಕಂಡಿತೆನ್ನೋಣ. ಅದು ಹತ್ತಿರದ ಗುಡಿಸಲಿನ ಹಣತೆಯೋ, ದೂರದ ಊರಿನ ದೊಡ್ಡ ವಿದ್ಯುದ್ದೀಪವೋ ಎಂದು ಬೆಳಕನ್ನಷ್ಟೇ ನೋಡಿ ಹೇಳಲಾಗದು. ದೀಪದ ನಿಜವಾದ ಪ್ರಖರತೆ ತಿಳಿದರೆ ಮಾತ್ರ ದೂರವನ್ನು ಲೆಕ್ಕ ಹಾಕಬಹುದು. ನಕ್ಷತ್ರಗಳ ಮಾತೂ ಇಷ್ಟೇ. ಸೂರ್ಯನಂಥ, ಹಾಗೂ ಸೂರ್ಯನಿಗಿಂತ ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಧಾತುವಿನ ಎರಡು ಅಗಲವಾದ ಕಪ್ಪುಗೆರೆಗಳಿರುತ್ತವೆ. ಆ ಕಪ್ಪಿನ ನಟ್ಟನಡುವೆ ಒಂದು ಸಣ್ಣ ಬೆಳ್ಳಿಯ ಎಳೆಯಂತೆ ಬೆಳಕಿನ ಗೆರೆ ಕಾಣುವುದುಂಟು. ವಿಲ್ಸನ್ ಮತ್ತು ಬಪ್ಪು 185 ನಕ್ಷತ್ರಗಳಲ್ಲಿ ಈ ಎಳೆಯ ಅಗಲವನ್ನು ಅಳೆದರು. ನಕ್ಷತ್ರದ ನಿಜವಾದ ಪ್ರಖರತೆ ಹೆಚ್ಚಿದಷ್ಟೂ ಈ ಎಳೆ ಅಗಲವಾಗುತ್ತದೆ ಎಂಬುದು ಅವರಿಗೆ ಕಂಡುಬಂದಿತು. ಎಳೆಯನ್ನು ಅಳೆದರೆ ಪ್ರಖರತೆ, ಪ್ರಖರತೆಯಿಂದ ದೂರ! 1957ರಲ್ಲಿ ಪ್ರಕಟವಾದ ಈ ಸಂಬಂಧವನ್ನು ವಿಲ್ಸನ್–ಬಪ್ಪು ಪರಿಣಾಮ ಎಂದು ಕರೆಯುತ್ತಾರೆ.

ಇಂಥ ಕೀರ್ತಿ ಸಂಪಾದಿಸಿದ ತರುಣನು ಆ ದೇಶದಲ್ಲಿಯೇ ನೆಲೆಸಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಬಪ್ಪು 1953ರಲ್ಲಿ ಭಾರತಕ್ಕೆ ಮರಳಿದರು. ಆಗ ಇಲ್ಲಿ ಅವರ ವಿದ್ಯೆಗೆ ತಕ್ಕ ಉಪಕರಣ ಒಂದೂ ಇರಲಿಲ್ಲ. 1954ರಲ್ಲಿ ಉತ್ತರ ಪ್ರದೇಶ ಸರ್ಕಾರವು ವಾರಾಣಸಿಯಲ್ಲಿ ಆಗತಾನೆ ಆರಂಭಿಸಿದ್ದ ವೀಕ್ಷಣಾಲಯದ ಹೊಣೆ ಅವರದಾಯಿತು. ಗಂಗಾತೀರದ ಮಂಜು ಮತ್ತು ಧೂಳಿನ ಆಕಾಶ ನಕ್ಷತ್ರವೀಕ್ಷಣೆಗೆ ಒಗ್ಗದೆಂದು ಅರಿತು, ಹಿಮಾಲಯದ ತಪ್ಪಲಿನ ನೈನಿತಾಲಿಗೆ ಅದನ್ನು ಸಾಗಿಸಲು ಅವರು ಶ್ರಮಿಸಿದರು. 1960ರಲ್ಲಿ, ಮೂವತ್ತಮೂರು ವರ್ಷ ತುಂಬುವ ಮೊದಲೇ, ಅವರು ತಮಿಳುನಾಡಿನ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕೆನಾಲ್ ಸೂರ್ಯನ ಅಧ್ಯಯನಕ್ಕೆ ಪ್ರಸಿದ್ಧವಾಗಿದ್ದ ಹಳೆಯ ವೀಕ್ಷಣಾಲಯ. ಸೂರ್ಯಕಲೆಗಳಲ್ಲಿ ಅನಿಲಗಳು ಹೊರಮುಖವಾಗಿ ಹರಿಯುವುದನ್ನು ಜಾನ್ ಎವರ್‌ಶೆಡ್ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಬಪ್ಪು ಸೂರ್ಯನನ್ನು ಕೈಬಿಡಲಿಲ್ಲ. ಜೊತೆಗೆ ರಾತ್ರಿಯ ಆಕಾಶವನ್ನೂ ಆ ಸಂಸ್ಥೆಯ ಕೆಲಸಕ್ಕೆ ಸೇರಿಸಿದರು. ಅದಕ್ಕೆ ಬಲವಾದ ಕಾರಣವಿತ್ತು. ಗ್ಯಾಮಾ ವೆಲೋರಮ್ ನಕ್ಷತ್ರವು ಲಂಡನ್ ಮತ್ತು ಪ್ಯಾರಿಸ್ ನಗರಗಳ ಆಕಾಶದಲ್ಲಿ ಉದಯಿಸುವುದೇ ಇಲ್ಲ. ಬಪ್ಪು ಓದಿದ ಹಾರ್ವರ್ಡಿನಲ್ಲಿ ಅದು ಕ್ಷಿತಿಜದ ಅಂಚಿಗೆ ತಾಗುತ್ತದೆ, ಅಷ್ಟೆ. ಪಾಲೋಮಾರಿನಲ್ಲಿ ಹತ್ತು ಡಿಗ್ರಿಯೂ ಮೇಲೇರದು. ಜಗತ್ತಿನ ದೊಡ್ಡ ದೂರದರ್ಶಕಗಳಲ್ಲಿ ಹೆಚ್ಚಿನವು ಅಂದು ಉತ್ತರ ದೇಶಗಳಲ್ಲಿದ್ದವು. ದಕ್ಷಿಣದ ಆಕಾಶದ ಎಷ್ಟೋ ನಕ್ಷತ್ರಗಳು ಅವುಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ದಕ್ಷಿಣ ಭಾರತಕ್ಕಾದರೋ ಸಪ್ತರ್ಷಿ ಮಂಡಲವೂ ಕಾಣುತ್ತದೆ, ಅಗಸ್ತ್ಯನೂ ಕಾಣುತ್ತಾನೆ. ಈ ಅನುಕೂಲವನ್ನು ಹಿಂದೆಯೂ ಒಬ್ಬರು ಬಳಸಿಕೊಂಡಿದ್ದರು. ಫ್ರಾನ್ಸಿನ ಪಾದ್ರಿ ಜಾನ್ ರಿಷೋ 1689ರ ಡಿಸೆಂಬರಿನಲ್ಲಿ ಪುದುಚೇರಿಯಿಂದ ಧೂಮಕೇತುವೊಂದನ್ನು ನೋಡುತ್ತಿದ್ದಾಗ, ದಕ್ಷಿಣದ ಆಲ್ಫಾ ಸೆಂಟಾರಿ ನಕ್ಷತ್ರ ಜೋಡಿಯೆಂಬುದನ್ನು ಕಂಡುಹಿಡಿದಿದ್ದರು.

ಗ್ಯಾಮಾ ವೆಲೋರಮ್ ಬಪ್ಪು ಅವರನ್ನು ಆಕರ್ಷಿಸಿದ್ದಕ್ಕೆ ಇನ್ನೂ ಒಂದು ಕಾರಣವುಂಟು. ಪ್ಯಾರಿಸಿನ ವುಲ್ಫ್ ಮತ್ತು ರಾಯೆ ಎಂಬ ಇಬ್ಬರು ವೀಕ್ಷಕರು 1867ರಲ್ಲಿ ಒಂದು ವಿಚಿತ್ರ ಬಗೆಯ ನಕ್ಷತ್ರಗಳನ್ನು ಗುರುತಿಸಿದ್ದರು. ಸಾಮಾನ್ಯ ನಕ್ಷತ್ರಗಳ ರೋಹಿತದಲ್ಲಿ ಕಪ್ಪುಗೆರೆಗಳಿದ್ದರೆ, ಇವುಗಳ ರೋಹಿತದಲ್ಲಿ ಹೊಳೆಯುವ ಅಗಲವಾದ ಪಟ್ಟಿಗಳಿದ್ದವು. ಇವು ಅತಿ ಬಿಸಿಯಾದ ನಕ್ಷತ್ರಗಳು. ಅವುಗಳ ಮೈಯಿಂದ ಅನಿಲವು ಸದಾ ಬಿರುಗಾಳಿಯಂತೆ ಹೊರಗೆ ಹಾರುತ್ತಿರುತ್ತದೆ. ಆ ಹೊಳೆಯುವ ಪಟ್ಟಿಗಳು ಈ ಅನಿಲದವು. ವುಲ್ಫ್–ರಾಯೆ ನಕ್ಷತ್ರಗಳು ಎಣಿಕೆಯಲ್ಲಿ ತೀರ ಕಡಮೆ, ದೂರದಲ್ಲಿ ತೀರ ಹೆಚ್ಚು. ಅವುಗಳಲ್ಲಿ ಬರಿಗಣ್ಣಿಗೆ ಢಾಳಾಗಿ ಕಾಣುವಂಥದು ಗ್ಯಾಮಾ ವೆಲೋರಮ್ ಒಂದೇ.

ಆ ನಕ್ಷತ್ರಕ್ಕೆ ಒಬ್ಬ ಸಂಗಾತಿ ಇರುವ ಸುಳಿವು ಮೊದಲೇ ದೊರೆತಿತ್ತು. ಆದರೆ ಸುಳಿವು ಬೇರೆ, ಲೆಕ್ಕ ಬೇರೆ. ಜೋಡಿಯ ಪಥವನ್ನು ಲೆಕ್ಕ ಹಾಕಬೇಕಾದರೆ ತಿಂಗಳುಗಟ್ಟಲೆ ಆಕಾಶ ತಿಳಿಯಾದ ರಾತ್ರಿಗಳಿಗೆ ಕಾಯಬೇಕು, ಪ್ರತಿ ಬಾರಿಯೂ ರೋಹಿತದ ಚಿತ್ರ ತೆಗೆಯಬೇಕು, ಒಂದೊಂದು ಗೆರೆಯೂ ಎಷ್ಟು ಜರುಗಿದೆ ಎಂಬುದನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯಬೇಕು. ವುಲ್ಫ್–ರಾಯೆ ನಕ್ಷತ್ರದ ಗೆರೆಗಳೋ ಪಟ್ಟಿಗಳಂತೆ ಅಗಲವಾದವು. ಅವುಗಳ ನಡುಬಿಂದುವನ್ನು ಹಿಡಿಯುವುದೇ ಪ್ರಯಾಸ. ಬಪ್ಪು ಮತ್ತು ಅವರ ಸಹೋದ್ಯೋಗಿ ಕೆ. ಎಸ್. ಗಣೇಶ್ ಈ ಕೆಲಸವನ್ನು ಕೊಡೈಕೆನಾಲಿನಲ್ಲಿ ನಡೆಸಿದರು. 1967ರಲ್ಲಿ ಅವರ ಫಲಿತಾಂಶ ಪ್ರಕಟವಾಯಿತು. ಆ ಎರಡು ನಕ್ಷತ್ರಗಳು 78.5 ದಿನಗಳಿಗೊಮ್ಮೆ ಒಂದನ್ನೊಂದು ಸುತ್ತಿ ಬರುತ್ತವೆ ಎಂದು ಅವರು ತೋರಿಸಿದರು.

ಸುತ್ತುವ ವೇಗ ತಿಳಿದರೆ ನಕ್ಷತ್ರಗಳ ತೂಕಕ್ಕೂ ದಾರಿಯಾಗುತ್ತದೆ. ಇಬ್ಬರು ಹುಡುಗಿಯರು ಕೈಕೈ ಹಿಡಿದು ಗಿರಗಿರನೆ ಸುತ್ತುವ ಆಟವನ್ನು ನೆನೆಯಬಹುದು. ಒಬ್ಬಳು ದಪ್ಪಗಿದ್ದು ಇನ್ನೊಬ್ಬಳು ತೆಳ್ಳಗಿದ್ದರೆ, ದಪ್ಪಗಿರುವವಳು ನಿಂತಲ್ಲೇ ಮೆಲ್ಲಗೆ ತಿರುಗುತ್ತಾಳೆ. ತೆಳ್ಳಗಿರುವವಳು ದೊಡ್ಡ ಸುತ್ತಿನಲ್ಲಿ ವೇಗವಾಗಿ ಓಡುತ್ತಾಳೆ. ಗ್ಯಾಮಾ ವೆಲೋರಮ್ ಜೋಡಿಯಲ್ಲಿ ವೇಗವಾಗಿ ಓಡುವುದು ವುಲ್ಫ್–ರಾಯೆ ನಕ್ಷತ್ರ. ಅಂದರೆ ಎರಡರಲ್ಲಿ ಹಗುರವಾದುದು ಅದೇ. ಇಲ್ಲಿ ಒಂದು ಒಗಟು ಹುಟ್ಟುತ್ತದೆ. ಭಾರವಾದ ನಕ್ಷತ್ರ ತನ್ನ ಇಂಧನವನ್ನು ಬೇಗ ಸುಟ್ಟುಕೊಂಡು ಬೇಗ ಮುಪ್ಪಾಗಬೇಕು. ಈ ಜೋಡಿಯಲ್ಲಾದರೋ ಹಗುರವಾದುದೇ ಹೆಚ್ಚು ಮುಪ್ಪಾಗಿದೆ. ಹಾಗಾದರೆ ಒಂದು ಕಾಲಕ್ಕೆ ಭಾರವಾಗಿದ್ದುದು ಅದೇ ಇರಬೇಕು. ತನ್ನ ಹೊರ ಪದರಗಳನ್ನು ಕಳೆದುಕೊಳ್ಳುತ್ತ ಬಂದು ಈಗ ಒಳಗಿನ ಕುದಿಯುವ ತಿರುಳಷ್ಟೇ ಉಳಿದಿದೆ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಈ ತಿರುಳಿನದು 50,000 ಡಿಗ್ರಿಗೂ ಮಿಕ್ಕುದು. ಅದರ ಸಂಗಾತಿ 35,000 ಡಿಗ್ರಿಯ ನೀಲಿ ನಕ್ಷತ್ರ. ಎರಡೂ ಒಂದೊಂದಾಗಿ ಲಕ್ಷಕ್ಕೂ ಹೆಚ್ಚು ಸೂರ್ಯರ ಬೆಳಕನ್ನು ಚೆಲ್ಲುತ್ತವೆ. ಇವುಗಳ ಪಕ್ಕದಲ್ಲಿ, ಸಣ್ಣ ದೂರದರ್ಶಕದಲ್ಲಿಯೂ ಬೇರೆಯಾಗಿ ಕಾಣುವ ಇನ್ನೊಂದು ನೀಲಿ ನಕ್ಷತ್ರವಿದೆ. ಅದೂ ಒಂಟಿಯಲ್ಲ, ಅದರ ಜೋಡಿ ಒಂದೂವರೆ ದಿನಕ್ಕೆ ಒಂದು ಸುತ್ತು ಮುಗಿಸುತ್ತದೆ.

ವುಲ್ಫ್–ರಾಯೆ ನಕ್ಷತ್ರಗಳ ವಿಷಯದಲ್ಲಿ ಬಪ್ಪು ಅವರ ಮಾತಿಗೆ ಜಗತ್ತಿನಲ್ಲಿ ಬೆಲೆ ಬಂದಿತು. 1971ರಲ್ಲಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್ ನಗರದಲ್ಲಿ ಈ ನಕ್ಷತ್ರಗಳನ್ನು ಕುರಿತು ನಡೆದ ವಿಚಾರಗೋಷ್ಠಿಯ ಗ್ರಂಥಕ್ಕೆ ಅವರು ಸಂಪಾದಕರಲ್ಲಿ ಒಬ್ಬರಾದರು.

ಆದರೆ ಕೊಡೈಕೆನಾಲಿನಲ್ಲಿ ಒಂದು ತೊಡಕಿತ್ತು. ಬೆಟ್ಟದ ಮೇಲೆ ವರ್ಷದ ಬಹುಕಾಲ ರಾತ್ರಿ ಮೋಡ ಕವಿಯುತ್ತಿತ್ತು. ಉತ್ತಮವಾದ ತಾಣಕ್ಕಾಗಿ ಹುಡುಕಿ, ಬಪ್ಪು ಕಡೆಗೆ ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನೊಳಗಿನ ಕಾವಲೂರು ಎಂಬ ಹಳ್ಳಿಯನ್ನು ಆರಿಸಿದರು. ಸುತ್ತ ಗಂಧದ ಮರಗಳ ಕಾಡು, ಊರುಗಳ ದೀಪಗಳಿಂದ ದೂರ. ಕೊಡೈಕೆನಾಲಿನ ಕಾರ್ಯಾಗಾರದಲ್ಲಿ ಕೈಯಿಂದಲೇ ಸಿದ್ಧಪಡಿಸಿದ 38 ಸೆಂಟಿಮೀಟರ್ ದೂರದರ್ಶಕದಿಂದ 1968ರಲ್ಲಿ ಅಲ್ಲಿ ವೀಕ್ಷಣೆ ಆರಂಭವಾಯಿತು. ಕೊಂಡು ತರಲು ಹಣವಿಲ್ಲದಾಗ ಮಾಡಿಕೊಳ್ಳುವುದು ಬಪ್ಪು ಅವರ ಪದ್ಧತಿ. ಹಣ ದೊರೆತಾಗಲೂ ಅವರು ಆ ಪದ್ಧತಿಯನ್ನು ಬಿಡಲಿಲ್ಲ ಎಂಬುದು ವಿಶೇಷ. 1972ರಲ್ಲಿ ಜರ್ಮನಿಯಲ್ಲಿ ತಯಾರಾದ ಒಂದು ಮೀಟರ್ ವ್ಯಾಸದ ದೂರದರ್ಶಕ ಕಾವಲೂರಿಗೆ ಬಂದಿತು. ಅದೇ ವರ್ಷ ಗುರುಗ್ರಹದ ಉಪಗ್ರಹವಾದ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದಾಗ ಅದನ್ನು ಇಲ್ಲಿಂದ ಗಮನಿಸಿದರು; ಆ ಉಪಗ್ರಹಕ್ಕೆ ತೆಳುವಾದ ವಾಯುಮಂಡಲವಿರುವ ಸೂಚನೆ ದೊರೆಯಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದನ್ನು ತಿಳಿಸಿಕೊಟ್ಟ ವೀಕ್ಷಣೆಗಳಲ್ಲಿ ಕಾವಲೂರಿನದೂ ಒಂದು.

1971ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯವು ಭಾರತೀಯ ಖಭೌತ ಸಂಸ್ಥೆ ಎಂಬ ಸ್ವಾಯತ್ತ ಸಂಸ್ಥೆಯಾಯಿತು. ಬಪ್ಪು ಅದರ ನಿರ್ದೇಶಕರಾದರು. ಸಂಸ್ಥೆಯ ಕೇಂದ್ರ ಬೆಂಗಳೂರಿನಲ್ಲಿ ನೆಲೆಗೊಂಡಿತು. ಇಲ್ಲಿಂದ ಮುಂದೆ ಅವರ ಜೀವನದ ದೊಡ್ಡ ಸಾಹಸ ಆರಂಭವಾಯಿತು. ಎರಡು ಮೀಟರಿಗೂ ದೊಡ್ಡದಾದ ಕನ್ನಡಿಯುಳ್ಳ ದೂರದರ್ಶಕವೊಂದನ್ನು ಭಾರತದಲ್ಲಿಯೇ ರೂಪಿಸಿ, ಭಾರತದಲ್ಲಿಯೇ ನಿರ್ಮಿಸಬೇಕೆಂದು ಅವರು ನಿಶ್ಚಯಿಸಿದರು. ಅಷ್ಟು ದೊಡ್ಡ ಕನ್ನಡಿಯನ್ನು ಉಜ್ಜಿದ ಅನುಭವ ದೇಶದಲ್ಲಿ ಯಾರಿಗೂ ಇರಲಿಲ್ಲ. ಹೊರದೇಶದಿಂದ ತರಿಸುವುದೇ ಲೇಸೆಂದು ಹಲವರಿಗೆ ತೋರಿರಬಹುದು. ಬೇಗ ಮುಗಿಯುವ ದಾರಿಯೂ ಅದೇ ಆಗಿತ್ತು. ಬಪ್ಪು ನಿಧಾನದ ದಾರಿಯನ್ನು ಆರಿಸಿಕೊಂಡರು. 2.34 ಮೀಟರ್ ವ್ಯಾಸದ ಕನ್ನಡಿಯನ್ನು ಬೆಂಗಳೂರಿನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಉಜ್ಜತೊಡಗಿದರು. ಅಂಥ ಕನ್ನಡಿಯ ಮೈಯಲ್ಲಿ ಕೂದಲೆಳೆಯ ನೂರರಲ್ಲೊಂದು ಪಾಲಿನಷ್ಟು ಉಬ್ಬುತಗ್ಗು ಉಳಿದರೂ ನಕ್ಷತ್ರದ ಬಿಂಬ ಕೆಡುತ್ತದೆ. ಉಜ್ಜುವುದು, ಪರೀಕ್ಷಿಸುವುದು, ಮತ್ತೆ ಉಜ್ಜುವುದು, ಹೀಗೆ ವರ್ಷಗಳು ಸಂದವು.

ಈ ನಡುವೆ 1980ರ ಫೆಬ್ರವರಿ 16ರಂದು ಸಂಪೂರ್ಣ ಸೂರ್ಯಗ್ರಹಣವು ಉತ್ತರ ಕರ್ನಾಟಕದ ಮೇಲೆ ಹಾದುಹೋಯಿತು. ಚಂದ್ರನ ನೆರಳು ಪಶ್ಚಿಮ ಕರಾವಳಿಯನ್ನು ತಾಗಿ, ಗದಗ ಮತ್ತು ರಾಯಚೂರಿನ ಸೀಮೆಯನ್ನು ದಾಟಿ ಪೂರ್ವಕ್ಕೆ ಧಾವಿಸಿತು. ಪಥದ ದಕ್ಷಿಣಕ್ಕಿದ್ದ ಬಳ್ಳಾರಿಯಲ್ಲಿ ಸೂರ್ಯನ ಬಹುಭಾಗ ಮರೆಯಾಯಿತು. ಗ್ರಹಣಕಾಲದಲ್ಲಿ ದೇವಾಲಯಗಳಿಗೆ ಭೂಮಿಯನ್ನು ದತ್ತಿ ಬಿಟ್ಟ ಸಂಗತಿ ನಮ್ಮ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂದೂ ಎಷ್ಟೋ ಊರುಗಳಲ್ಲಿ ಜನ ಕದವಿಕ್ಕಿಕೊಂಡು ಮನೆಯೊಳಗೇ ಉಳಿದರು, ಬೀದಿಗಳು ನಿರ್ಜನವಾಗಿದ್ದವು. ಮೂರು ನಿಮಿಷವೂ ತುಂಬದ ಆ ಕತ್ತಲೆಗಾಗಿ ವಿಜ್ಞಾನಿಗಳು ಮಾತ್ರ ತಿಂಗಳುಗಳಿಂದ ಸಿದ್ಧತೆ ಮಾಡಿಕೊಂಡು ಬಯಲಿನಲ್ಲಿ ಕಾದಿದ್ದರು. ಸೂರ್ಯನ ಸುತ್ತಣ ಪ್ರಭಾವಲಯದಲ್ಲಿ ಕಬ್ಬಿಣದ ಪರಮಾಣುಗಳು ಸೂಸುವ ಕೆಂಪುಗೆರೆಯನ್ನು ಬಪ್ಪು ಮತ್ತು ಅವರ ಸಹೋದ್ಯೋಗಿಗಳು ಈ ಗ್ರಹಣದ ವೀಕ್ಷಣೆಗಳಿಂದ ಅಧ್ಯಯನ ಮಾಡಿ, ಫಲಿತಾಂಶವನ್ನು 1982ರಲ್ಲಿ ಪ್ರಕಟಿಸಿದರು.

ಗೌರವಗಳು ಬಪ್ಪು ಅವರನ್ನು ಹುಡುಕಿಕೊಂಡು ಬಂದವು. 1970ರಲ್ಲಿ ಭಟ್ನಾಗರ್ ಪ್ರಶಸ್ತಿ, 1981ರಲ್ಲಿ ಪದ್ಮಭೂಷಣ. 1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಆಯ್ಕೆಯಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರೇ. ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವ ಮತ್ತು ಉರ್ದು ಕವಿ ಗಾಲಿಬನ ಕಾವ್ಯವನ್ನು ಸವಿಯುವ ಹವ್ಯಾಸವನ್ನು ಅವರು ಈ ಎಲ್ಲ ಹೊಣೆಗಳ ನಡುವೆಯೂ ಉಳಿಸಿಕೊಂಡಿದ್ದರು.

ಒಕ್ಕೂಟದ ಮಹಾಸಭೆ 1982ರ ಆಗಸ್ಟಿನಲ್ಲಿ ಗ್ರೀಸ್ ದೇಶದ ಪಾತ್ರಾಸ್ ನಗರದಲ್ಲಿ ಸೇರಿತು. ಅಧ್ಯಕ್ಷರ ಪೀಠ ಬರಿದಾಗಿತ್ತು. ಹೃದಯದ ಶಸ್ತ್ರಚಿಕಿತ್ಸೆಗಾಗಿ ಬಪ್ಪು ಜರ್ಮನಿಯ ಮ್ಯೂನಿಕ್ ನಗರದ ಆಸ್ಪತ್ರೆಯನ್ನು ಸೇರಿದ್ದರು. ಸಭೆ ನಡೆಯುತ್ತಿರುವಾಗಲೇ, ಆಗಸ್ಟ್ 19ರಂದು, ಅವರು ಅಲ್ಲಿ ಕಣ್ಮುಚ್ಚಿದರು. ಐವತ್ತೈದು ವರ್ಷ ತುಂಬಿ ಒಂಬತ್ತು ದಿನಗಳಾಗಿದ್ದವು. ಬೆಂಗಳೂರಿನಲ್ಲಿ ಆರಂಭಿಸಿದ ದೂರದರ್ಶಕದ ಕೆಲಸ ಇನ್ನೂ ಪೂರ್ಣಗೊಂಡಿರಲಿಲ್ಲ.

ಅವರ ಶಿಷ್ಯರೂ ಸಹೋದ್ಯೋಗಿಗಳೂ ಅದನ್ನು ಮುಂದುವರಿಸಿದರು. ಕನ್ನಡಿ ಸಿದ್ಧವಾಗಿ ಕಾವಲೂರಿನ ಗುಮ್ಮಟವನ್ನು ಸೇರಿತು. 1986ರ ಜನವರಿ 6ರಂದು ಅಂದಿನ ಪ್ರಧಾನಮಂತ್ರಿ ರಾಜೀವ್ ಗಾಂಧಿಯವರು ಆ ದೂರದರ್ಶಕಕ್ಕೆ ವೈನು ಬಪ್ಪು ಅವರ ಹೆಸರನ್ನಿತ್ತರು. ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹಗಳಲ್ಲಿ 2596ನೆಯದಕ್ಕೂ ಅವರ ಹೆಸರಿದೆ.

ಗ್ಯಾಮಾ ವೆಲೋರಮ್ ಜೋಡಿಯನ್ನು ಬಪ್ಪು ಬದುಕಿನುದ್ದಕ್ಕೂ ಗೆರೆಗಳಲ್ಲಿ ಮಾತ್ರ ಎರಡಾಗಿ ಕಂಡಿದ್ದರು. 2007ರಲ್ಲಿ ಆಸ್ಟ್ರೇಲಿಯದ ವೀಕ್ಷಕರು, ದೂರ ದೂರ ಇರಿಸಿದ ಕನ್ನಡಿಗಳ ಬೆಳಕನ್ನು ಒಂದುಗೂಡಿಸುವ ಉಪಕರಣದಿಂದ ಆ ಎರಡು ನಕ್ಷತ್ರಗಳ ನಡುವಣ ಅಂತರವನ್ನೂ ಪಥವನ್ನೂ ನೇರವಾಗಿ ಅಳೆದ ಫಲಿತಾಂಶ ಪ್ರಕಟವಾಯಿತು. ನೀಲಿ ನಕ್ಷತ್ರದ ದ್ರವ್ಯರಾಶಿ ಸೂರ್ಯನ ಸುಮಾರು 28 ಪಟ್ಟು, ವುಲ್ಫ್–ರಾಯೆ ನಕ್ಷತ್ರದ್ದು ಸುಮಾರು 9 ಪಟ್ಟು ಎಂದು ತಿಳಿಯಿತು. ನಮ್ಮಿಂದ ಅವುಗಳ ದೂರ ಸುಮಾರು 1,100 ಜ್ಯೋತಿರ್ವರ್ಷಗಳು. ಸುತ್ತಿನ ಅವಧಿಯಾದರೋ ಕೊಡೈಕೆನಾಲಿನಲ್ಲಿ ನಾಲ್ಕು ದಶಕಗಳ ಹಿಂದೆ ಎಣಿಸಿದ 78.5 ದಿನಗಳೇ ಆಗಿತ್ತು.